ಜೀವ ಉಂಟಾ?

ನಲ್ಲಿಯ ಕುತ್ತಿಗೆಗೆ ರಾತ್ರಿ ನೇತುಹಾಕಿದ ಬಟ್ಟೆಗಂಟು
ಈಗಲೂ ಒಂದೊಂದೇ ಹನಿ ಬಿಡುತ್ತಿದೆ.
ಕೆಳಗಿನ ಪಾತ್ರೆಯಲ್ಲಿ ತೆಳುಹಸಿರು ನೀರು.

ಉರ್ವಾಸ್ಟೋರು, ಮೂರನೇ ಮಹಡಿ, ಆರು ಗಂಟೆ.
ಮೀನಿನ ಸ್ಕೂಟರು ಇನ್ನೂ ಬಂದಿಲ್ಲ.
ಗಂಟು ಬಿಚ್ಚುತ್ತೇನೆ: ತಣ್ಣನೆಯ ಬಿಳಿ ಮುದ್ದೆ,
ಮೈತುಂಬ ಬಟ್ಟೆಯ ನೇಯ್ಗೆಯ ಅಚ್ಚು,
ಆಗಷ್ಟೇ ಎದ್ದ ಮಗುವಿನ ಕೆನ್ನೆಯಲ್ಲಿ
ಚಾಪೆಯ ಗೆರೆ ಇರುತ್ತದಲ್ಲ, ಹಾಗೆ.

ಉಪ್ಪು. ಹಸಿಮೆಣಸು ಎರಡು. ಕೊತ್ತಂಬರಿ ಸೊಪ್ಪು.
ಜಜ್ಜಿದ ಕಾಳುಮೆಣಸು, ಕೈಗೆ ಬಂದಷ್ಟು.
ಇದನ್ನು ಚೀಸ್ ಅನ್ನಬೇಕಂತೆ, ಮಾರ್ಸೆಲ್ ಹೇಳಿದ್ದು.
ನನ್ನ ನಾಲಗೆಗೆ ಇದು ಮೊಸರಿನ ಹಠಮಾರಿ ತಮ್ಮ.

ಮಾರ್ಸೆಲ್ ನನ್ನ ತಮ್ಮ. ಹಡಗಿನ ಅಡುಗೆಯವನು.
ಬತೂಮಿ ಎಂಬ ಬಂದರಿನಲ್ಲಿ ಯಾವಳೋ ಮುದುಕಿ
ಅವನ ಅಂಗೈಗೆ ಹಾಕಿದಳಂತೆ ಒಂದು ಹಿಡಿ ಕೆಫಿರ್ ಕಾಳು.
ಅರ್ಧ ತಾನಿಟ್ಟುಕೊಂಡ. ಅರ್ಧ ಪಣಂಬೂರಿನಲ್ಲಿ ಇಳಿದವನೇ
ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟ.
"ಕಾಳು ಅಂತ ಹೆಸರು ಮಾತ್ರ, ಬಿತ್ತಿದರೆ ಮೊಳೆಯುವುದಿಲ್ಲ.
ದಿನಾ ಹಾಲು ಕೊಡು. ಮುಚ್ಚಳ ಬಿಗಿಮಾಡಬೇಡ,
ಉಸಿರಾಡ್ತದೆ ಅದು."

ಅಂದಿನಿಂದ ಅವನ ಫೋನು ಬಂದರೆ ಮೊದಲ ಮಾತು ಇದೇ,
ಅಕ್ಕ ಹೇಗಿದ್ದಾಳೆ ಎಂದಲ್ಲ:
"ಜೀವ ಉಂಟಾ?"

ಗೋಧಿ ಎರಡು ಪಾಲು, ಮೈದಾ ಒಂದು.
ನೀರಿನ ಬದಲು ಆ ಹಸಿರು ನೀರನ್ನೇ ಹೊಯ್ದು ನಾದುತ್ತೇನೆ.
ಮೊದಲು ಬೆರಳಿಗೆಲ್ಲ ಅಂಟಿ ಜಗಳ,
ಆಮೇಲೆ ತಾನಾಗಿ ಕೈಬಿಟ್ಟು ಉಂಡೆಯಾಗಿ ಕೂರುತ್ತದೆ.

ಮೇ ತಿಂಗಳಲ್ಲಿ ನಾನೇ ಅದನ್ನು ಕೊಂದೆ.
ಬೆಳ್ಮಣ್ಣಿನಲ್ಲಿ ಮದುವೆ. ನಾಲ್ಕು ದಿನ ಅಂತ ಹೋದವಳು
ಹತ್ತು ದಿನ ಉಳಿದೆ. ಫ್ರಿಜ್ಜಿನಲ್ಲಿ ಇಡಬಹುದಿತ್ತು. ಇಡಲಿಲ್ಲ.
ಬೀಗ ತೆಗೆದರೆ ವಾಸನೆಯೇ ಬಂದು ಎದುರುಗೊಂಡಿತು,
ಬಾಟಲಿಯೊಳಗೆ ಗುಲಾಬಿ ಬಣ್ಣದ ಒಂದು ಗೀರು.
ಕೆಳಗಿಳಿದು ತೆಂಗಿನ ಬುಡಕ್ಕೆ ಸುರಿದೆ,
ಮೂರು ಸಲ ಸೋಪು ಹಾಕಿ ಬಾಟಲಿ ತೊಳೆದೆ,
ಅದರಲ್ಲಿ ತೊಗರಿಬೇಳೆ ತುಂಬಿಸಿಟ್ಟೆ.

ಆ ರಾತ್ರಿ ಎಲ್ಲಿಂದಲೋ ಫೋನು.
"ಜೀವ ಉಂಟಾ?"
"ಉಂಟು ಮಾರಾಯ," ಅಂದೆ. "ಒಳ್ಳೇದುಂಟು."
ಮೂರು ಸಲ, ಮೂರು ಬಂದರುಗಳಿಗೆ, ಅದೇ ಸುಳ್ಳು.

ಉಂಡೆ ತಟ್ಟಿ, ನಡುವೆ ಒಂದು ಚಮಚ ಚೀಸ್, ಅಂಚು ಸೇರಿಸಿ ಮುಚ್ಚಿ,
ಭಾರ ಬಿಡದೆ ಲಟ್ಟಣಿಗೆ ಓಡಿಸಬೇಕು.
ಆದರೂ ಎಲ್ಲೋ ಒಂದು ಕಡೆ ಹರಿದು ಬಿಳಿ ಇಣುಕುತ್ತದೆ.
ಇಣುಕಲಿ. ಕಾವಲಿಗೆ ತಾಗಿ ಕೆಂಪಾಗಿ ಗರಿಯಾದ ಆ ಅಂಚಿಗೇ
ಎಲ್ಲರೂ ಮೊದಲು ಕೈಹಾಕುವುದು.

ಜೂನಿನ ಒಂದು ಸಂಜೆ ಬಾಗಿಲು ತಟ್ಟಿದವನು
ಕೆಳಮನೆಯ ಐಸಮ್ಮನವರ ಮೊಮ್ಮಗ ನೌಫಲ್.
ಉಪ್ಪಿನಕಾಯಿ ಬಾಟಲಿಯಲ್ಲಿ ಹೂಕೋಸಿನ ಹಾಗೆ ಏನೋ.
"ಇಡಲಿಕ್ಕೆ ಜಾಗ ಇಲ್ಲವಂತೆ. ನಿಮ್ಮದು ನಿಮಗೇ ಅಂತೆ."
ಹೌದಲ್ಲ. ಕಳೆದ ವರ್ಷ, ಹೆಚ್ಚಾಯಿತೆಂದು
ಮೆಟ್ಟಿಲಲ್ಲೇ ನಿಂತು ಎರಡು ಚಮಚ ಅವರ ಲೋಟಕ್ಕೆ ಹಾಕಿದ್ದೆ.
"ಎಂತ ಇದು, ಮದ್ದಾ?" ಎಂದು ಮೂಗು ಮುರಿದಿದ್ದರು.
ಹುಡುಗ ನೋಡುತ್ತ ನಿಂತಿದ್ದ, ನಾನು ಗಡಿಬಿಡಿಯಲ್ಲಿ
ಬೇಳೆಯನ್ನು ಮೊರಕ್ಕೆ ಸುರಿದು ಹಾರ್ಲಿಕ್ಸ್ ಬಾಟಲಿ ಖಾಲಿ ಮಾಡಿದೆ.

ಐದು ರೊಟ್ಟಿ ಆಯಿತು. ಎರಡು ಕೆಳಮನೆಗೆ.
ಒಲೆಯ ಮೇಲೆ ನಿನ್ನೆಯ ಬಂಗುಡೆ ಸಾರು ಬಿಸಿಯಾಗುತ್ತಿದೆ.
ಆರನೆಯದು ಕಾವಲಿಯಲ್ಲಿ ಉಬ್ಬುತ್ತಿರುವಾಗ ಫೋನು.

"ಜೀವ ಉಂಟಾ?"

ಯಾಕೋ ಇವತ್ತು ಬಾಯಿಗೆ ಬಂತು:
ಕೊಂದದ್ದು, ತೆಂಗಿನ ಬುಡ, ಬೇಳೆ, ಐಸಮ್ಮ, ಎಲ್ಲ.

ಆ ಕಡೆ ಎಂಜಿನ್ನಿನ ಸದ್ದು ಮಾತ್ರ.
ಆಮೇಲೆ ಮಾರ್ಸೆಲ್:
"ನನ್ನ ಪಾಲಿನದ್ದು ಮೊದಲ ವಾರವೇ ಸತ್ತಿತ್ತು, ಅಕ್ಕ.
ಅದಕ್ಕೇ ಕೇಳ್ತಿದ್ದದ್ದು."

ರೊಟ್ಟಿಯ ಒಂದು ಬದಿ ಸೀದೇಹೋಗಿತ್ತು.
ತಿರುಗಿಸಿ ಹಾಕಿದೆ.